ಸ್ಪಿತಿಯಲ್ಲಿ ಹಿಮ ಚಿರತೆ ನೋಡಬೇಕು: ಚಳಿಗಾಲವೋ, ಬೇಸಿಗೆಯೋ? ನಮ್ಮ ಕಡೆಯವರು ಹೋಗಿದ್ದರೆ ಹೇಳಿ

ಚಿಂಚೋಳಿಕಾಡು (ಕಲಬುರಗಿ):

ಎಲ್ಲರಿಗೂ ನಮಸ್ಕಾರ. ರಜೆ ಸಿಕ್ಕಾಗೆಲ್ಲ ಕ್ಯಾಮೆರಾ ಹಿಡಿದು ಚಿಂಚೋಳಿ ಕಾಡಿಗೆ ಹೋಗುವವಳು ನಾನು. ತೋಳದ ಹೆಜ್ಜೆ ಹುಡುಕುತ್ತ ಚಂದ್ರಂಪಳ್ಳಿ ಡ್ಯಾಮಿನ ಸುತ್ತ ತಿರುಗುವುದು ನನಗೆ ಹಬ್ಬ ಇದ್ದಂತೆ. ಈಗ ಬಹಳ ದಿನದ ಆಸೆಯೊಂದು ತಲೆಯಲ್ಲಿ ಕೂತಿದೆ. ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಬೇಕು, ಹಿಮ ಚಿರತೆ ನೋಡಬೇಕು.

ಕಿಬ್ಬರ್ ಅನ್ನೋ ಊರಿನ ಸುತ್ತ ಚಳಿಗಾಲದಲ್ಲಿ ಕಾಣುತ್ತದೆ ಅಂತ ಓದಿದ್ದೇನೆ. ಆದರೆ ಆಗ ಅಲ್ಲಿ ಮೈನಸ್ 20, ಮೈನಸ್ 25 ಡಿಗ್ರಿ. ನಾವು ಮೇ ತಿಂಗಳಲ್ಲಿ 43 ಡಿಗ್ರಿ ಕಂಡವರು, ಇಲ್ಲಿ ಡಿಸೆಂಬರಿನಲ್ಲಿ ಸ್ವಲ್ಪ ಗಾಳಿ ಬಿಟ್ಟರೆ ಸಾಕು, ಸ್ವೆಟರ್ ಹುಡುಕುತ್ತೇವೆ. ಫೆಬ್ರವರಿಯಲ್ಲಿ ಹೋದರೆ ತಡೆಯುತ್ತದಾ? ಸೆಪ್ಟೆಂಬರಿನಲ್ಲಿ ಹೋದರೆ ಚಿರತೆ ಕಾಣುವುದೇ ಇಲ್ವಾ? ಬೇರೆ ಏನೇನು ಪ್ರಾಣಿ, ಹಕ್ಕಿ ಸಿಗುತ್ತವೆ? ಕೆಲವು ಪ್ಯಾಕೇಜ್‌ನವರು ಲಕ್ಷದ ಮೇಲೆ ಕೇಳುತ್ತಿದ್ದಾರೆ. ಅಷ್ಟು ಕೊಡಬೇಕಾ, ಅಥವಾ ನಾವೇ ಬಸ್ಸಿನಲ್ಲಿ ಹೋಗಿ ಯಾರದಾದರೂ ಮನೆಯಲ್ಲಿ ಉಳಿಯಬಹುದಾ?

ಇನ್ನೊಂದು ಮಾತು. ಅವ್ವನೂ ಬರುತ್ತೇನೆ ಅನ್ನುತ್ತಿದ್ದಾಳೆ. ಅರವತ್ತು ದಾಟಿದೆ, ಶುಗರ್ ಇದೆ, ಇನ್ಸುಲಿನ್ ತಗೋತಾಳೆ. ನಡೆಯುವುದರಲ್ಲಿ ಮಾತ್ರ ನನಗಿಂತ ಗಟ್ಟಿ. ಕರೆದುಕೊಂಡು ಹೋಗಬಹುದಾ? ಹೋಗಿ ಬಂದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಬೀದರ್‌ಕೋಟೆ (ಬೀದರ್):

ಅಕ್ಕ, ನಾನು ಚಳಿಗಾಲದಲ್ಲೇ ಹೋಗಿದ್ದೆ, ಕಿಬ್ಬರ್‌ನಲ್ಲೇ ಇದ್ದೆ. ಹಾಗಾಗಿ ನನಗೆ ಗೊತ್ತಿರುವುದನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ದಾರಿ. ಚಳಿಗಾಲದಲ್ಲಿ ಮನಾಲಿ ಕಡೆಯಿಂದ ದಾರಿಯೇ ಇಲ್ಲ. ಆ ಕಡೆ ಕುಂಜುಮ್ ಪಾಸ್ ಇದೆ, 4,551 ಮೀಟರ್ ಎತ್ತರ. ಹಿಮ ಬಿದ್ದು ಮುಚ್ಚಿದರೆ ತೆರೆಯುವುದು ಮೇ ಕೊನೆ, ಕೆಲವು ವರ್ಷ ಜೂನ್. ಉಳಿದದ್ದು ಶಿಮ್ಲಾ, ಕಿನ್ನೌರ್ ದಾರಿ. ಇಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿಯಿರಿ, ಯಾದಗಿರಿ, ವಾಡಿ, ಕಲಬುರಗಿ ಮೂರೂ ಕಡೆ ನಿಲ್ಲುತ್ತದೆ, ಸೀದಾ ದೆಹಲಿ. ಅಲ್ಲಿಂದ ಕಾಲ್ಕಾ, ಕಾಲ್ಕಾದಿಂದ ಶಿಮ್ಲಾಕ್ಕೆ ಸಣ್ಣ ರೈಲು. ಶಿಮ್ಲಾದಿಂದ ಹಿಮಾಚಲದ ಸರ್ಕಾರಿ ಬಸ್ಸಿನಲ್ಲಿ ರೆಕಾಂಗ್ ಪಿಯೋ. ಅಲ್ಲಿ ರಾತ್ರಿ ಉಳಿದು ಬೆಳಿಗ್ಗೆ ಸ್ಪಿತಿಯ ಮುಖ್ಯ ಊರಾದ ಕಾಜಾಕ್ಕೆ ಬಸ್ಸು. ಶಿಮ್ಲಾದಿಂದ ಕಾಜಾಕ್ಕೆ 400 ಕಿ.ಮೀ.ಗೂ ಮೇಲೆ ಆಗುತ್ತದೆ. ದಾರಿಯಲ್ಲಿ ಕಲ್ಲು ಉರುಳಿ ಬಸ್ಸು ನಿಲ್ಲುವುದು ಮಾಮೂಲಿ, ಹಾಗಾಗಿ ಹೋಗುವಾಗ, ಬರುವಾಗ ಎರಡೂ ಕಡೆ ಒಂದೆರಡು ದಿನ ಖಾಲಿ ಇಟ್ಟುಕೊಳ್ಳಿ. ವಾಪಸ್ ರೈಲಿನ ಟಿಕೆಟ್ಟನ್ನು ಬಿಗಿಯಾಗಿ ಮಾಡಿಸಬೇಡಿ.

ಚಳಿಗಾಲವೇ ಯಾಕೆ ಅಂದರೆ, ಬೇಸಿಗೆಯಲ್ಲಿ ಮೇಲಿನ ಬೆಟ್ಟಗಳಲ್ಲಿ ಹುಲ್ಲು ಇರುತ್ತದೆ. ಭರಲ್ ಅಂತ ಕರೆಯುವ ನೀಲಿ ಕುರಿ, ಬಾಗಿದ ದೊಡ್ಡ ಕೊಂಬಿನ ಐಬೆಕ್ಸ್, ಎರಡೂ ಮೇಲೆಲ್ಲ ಹರಡಿಕೊಂಡಿರುತ್ತವೆ. ಹಿಮ ಬಿದ್ದು ಹುಲ್ಲು ಮುಚ್ಚಿದ ಮೇಲೆ ಅವು ಕೆಳಗಿಳಿದು ಊರಿನ ಹತ್ತಿರದ ಇಳಿಜಾರಿಗೆ ಬರುತ್ತವೆ. ಅವುಗಳ ಹಿಂದೆ ಚಿರತೆಯೂ ಬರುತ್ತದೆ. ಜೊತೆಗೆ ಜನವರಿಯಿಂದ ಮಾರ್ಚ್‌ವರೆಗೆ ಚಿರತೆಗಳು ಜೋಡಿ ಹುಡುಕುವ ಕಾಲ, ಹೆಚ್ಚು ಓಡಾಡುತ್ತವೆ, ಕೂಗುತ್ತವೆ. ಹುಲಿ, ಸಿಂಹದ ಹಾಗೆ ಗರ್ಜಿಸಲು ಹಿಮ ಚಿರತೆಗೆ ಬರುವುದಿಲ್ಲ. ಬೇರೆಯದೇ ಒಂದು ಉದ್ದನೆ ಕೂಗು.

ನೋಡುವ ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ, ಯಾಕಂದ್ರೆ ಇದು ಬಂಡೀಪುರದ ಜೀಪ್ ಸಫಾರಿ ಥರ ಅಲ್ಲವೇ ಅಲ್ಲ. ಊರಿನ ಹುಡುಗರು ಬೆಳಕು ಹರಿಯುವ ಮುಂಚೆಯೇ ಹೊರಗೆ ಹೋಗಿ ಹೆಜ್ಜೆ ನೋಡುತ್ತಾರೆ. ಬಂಡೆಯ ಬುಡದಲ್ಲಿ ಚಿರತೆ ಹಿಂಗಾಲಿನಿಂದ ಕೆರೆದ ಗುರುತು, ಮೂತ್ರ ಹೊಡೆದ ವಾಸನೆ, ಇವೆಲ್ಲ ಅವರಿಗೆ ಪೇಪರ್ ಓದಿದಷ್ಟು ಸಲೀಸು. ಆಮೇಲೆ ಕಮರಿಯ ಅಂಚಿನಲ್ಲಿ ಕೂತು ಎದುರಿನ ಬೆಟ್ಟವನ್ನು ಸ್ಪಾಟಿಂಗ್ ಸ್ಕೋಪ್ ಅನ್ನೋ ದೊಡ್ಡ ದುರ್ಬೀನಿನಲ್ಲಿ ಒಂದೊಂದೇ ಅಡಿ ಜಾಲಾಡುತ್ತಾರೆ. ಕಣ್ಣು ಚಿರತೆಯನ್ನೇ ಹುಡುಕಬಾರದು, ಭರಲ್‌ಗಳನ್ನು ನೋಡಬೇಕು. ಇಡೀ ಹಿಂಡು ಮೇಯುವುದು ಬಿಟ್ಟು ಒಂದೇ ದಿಕ್ಕಿಗೆ ಕತ್ತೆತ್ತಿ ನಿಂತಿದ್ದರೆ ಅಲ್ಲಿ ಏನೋ ಇದೆ ಅಂತ ಅರ್ಥ. ಒಂದೇ ಜಾಗದ ಮೇಲೆ ಕಾಗೆಯಂಥ ಚಫ್ ಹಕ್ಕಿಗಳು, ರಣಹದ್ದುಗಳು ಸುತ್ತುತ್ತಿದ್ದರೆ ಬೇಟೆ ಬಿದ್ದಿರಬಹುದು. ದೊಡ್ಡ ಐಬೆಕ್ಸ್ ಕೊಂದಿದ್ದರೆ ಚಿರತೆ ಮೂರ್ನಾಲ್ಕು ದಿನ ಅಲ್ಲೇ ಸುತ್ತಮುತ್ತ ಇರುತ್ತದೆ. ಆಗ ನಿಮ್ಮ ಅದೃಷ್ಟ.

ನಾನು ಕಂಡದ್ದು ಅಂಥ ಒಂದು ದಿನ. ಹುಡುಗ ಸ್ಕೋಪ್ ಹಿಡಿದು "ದೇಖೋ ಭಯ್ಯಾ" ಅಂದ. ನೋಡಿದೆ, ಬಂಡೆ. ಮತ್ತೆ ನೋಡಿದೆ, ಬಂಡೆಯೇ. ಬೂದಿ ಬಣ್ಣದ ಕಲ್ಲು, ಅಲ್ಲಲ್ಲಿ ಹಿಮ, ಅಲ್ಲಲ್ಲಿ ಕಪ್ಪು ಕಲೆ. "ಪೂಂಛ್ ದೇಖೋ" ಅಂದ. ಆಗ ಕಲ್ಲಿನ ಒಂದು ಅಂಚು ನಿಧಾನಕ್ಕೆ ಮೇಲೆದ್ದು ಮಡಚಿಕೊಂಡಿತು. ಅದು ಬಾಲ! ಹೆಚ್ಚುಕಡಿಮೆ ಒಂದು ಮೀಟರ್ ಉದ್ದ, ತೋಳಿನಷ್ಟು ದಪ್ಪ. ಅದನ್ನೇ ಮುಖಕ್ಕೆ ಸುತ್ತಿಕೊಂಡು ಮಲಗಿತ್ತು. ಬಾಲ ಕಂಡ ಮೇಲೆ ಕಿವಿ ಕಂಡಿತು, ಆಮೇಲೆ ಭುಜ, ಆಮೇಲೆ ಇಡೀ ಪ್ರಾಣಿ. ಅಲ್ಲಿಯವರೆಗೂ ಅದು ನನ್ನ ಕಣ್ಣೆದುರಿಗೇ ಇತ್ತು. ಮಧ್ಯಾಹ್ನವೆಲ್ಲ ಮಲಗಿಯೇ ಇತ್ತು, ನಾವೂ ಅಷ್ಟು ಹೊತ್ತು ಕೂತೇ ಇದ್ದೆವು. ಬಿಸಿಲು ಇಳಿದ ಮೇಲೆ ಎದ್ದು ಮೈ ಮುರಿದು, ಆ ಕಡಿದಾದ ಗೋಡೆಯ ಮೇಲೆ ನಾವು ಅಂಗಳದಲ್ಲಿ ನಡೆದಂತೆ ನಡೆದು ಹೋಯಿತು. ದೂರ ಮುಕ್ಕಾಲು ಕಿಲೋಮೀಟರ್ ಇರಬಹುದು. ಫೋಟೋ ಅಂತ ಬಂದದ್ದು ಒಂದು ಚುಕ್ಕಿ ಅಷ್ಟೇ. ಹಾಗಾಗಿ ಸುಮ್ನೆ ದೊಡ್ಡ ಲೆನ್ಸಿಗೆ ಬಾಡಿಗೆ ಸುರಿಯಬೇಡಿ, ಒಳ್ಳೆ ಬೈನಾಕ್ಯುಲರ್ ತಗೊಳ್ಳಿ.

ದುಡ್ಡಿನ ವಿಷಯ. ಪ್ಯಾಕೇಜ್‌ನವರು ಕೊಡುವುದು ಗಾಡಿ, ಸ್ಕೋಪ್, ಹುಡುಕುವ ಹುಡುಗರು, ಮೂರು ಹೊತ್ತಿನ ಊಟ. ಇವನ್ನೇ ಊರಿನವರ ಹತ್ತಿರ ನೇರವಾಗಿ ಮಾತಾಡಿಕೊಂಡರೆ ಬಹಳ ಕಡಿಮೆಗೆ ಆಗುತ್ತದೆ, ದುಡ್ಡೂ ಊರಲ್ಲೇ ಉಳಿಯುತ್ತದೆ. ಆದರೆ ಹುಡುಕುವ ಹುಡುಗರಿಗೆ ಕೊಡುವುದರಲ್ಲಿ ಚೌಕಾಸಿ ಮಾಡಬೇಡಿ. ಅವರಿಲ್ಲದೆ ಒಂದು ತಿಂಗಳು ಕೂತರೂ ನಮ್ಮ ಕಣ್ಣಿಗೆ ಏನೂ ಬೀಳುವುದಿಲ್ಲ.

ಮನೆಗಳು ಚೆನ್ನಾಗಿವೆ. ಮಣ್ಣಿನ ದಪ್ಪ ಗೋಡೆ, ಮಣ್ಣಿನ ಚಪ್ಪಟೆ ಮಾಡು, ನಮ್ಮ ಹಳ್ಳಿಗಳ ಹಳೆಯ ಮಾಳಿಗೆ ಮನೆಯನ್ನೇ ಬೆಟ್ಟಕ್ಕೆ ಎತ್ತಿಟ್ಟ ಹಾಗೆ. ಮಾಡಿನ ಮೇಲೆ ಒಣಗಿದ ಮೇವು, ಸೌದೆ ಒಟ್ಟಿರುತ್ತಾರೆ. ಚಳಿಗಾಲದಲ್ಲಿ ಇಡೀ ಮನೆಯವರು ಒಂದೇ ಕೋಣೆಗೆ ಸೇರುತ್ತಾರೆ, ನಡುವೆ ಕಬ್ಬಿಣದ ಒಲೆ. ನಲ್ಲಿ ನೀರು ಇಲ್ಲ, ಪೈಪಿನಲ್ಲೇ ಗಟ್ಟಿಯಾಗಿರುತ್ತದೆ. ಸ್ನಾನ ಮರೆತುಬಿಡಿ. ಪಾಯಿಖಾನೆ ಒಣ ಪಾಯಿಖಾನೆ, ನೀರು ಹಾಕಬಾರದು, ಮೇಲೆ ಮಣ್ಣು, ಬೂದಿ ಎಳೆಯಬೇಕು, ಅದೇ ಮುಂದೆ ಹೊಲಕ್ಕೆ ಗೊಬ್ಬರ. ಊಟಕ್ಕೆ ತುಕ್ಪಾ ಅನ್ನೋ ನೂಡಲ್ ಸಾರು, ಅನ್ನ, ಬೇಳೆ, ರೊಟ್ಟಿ. ನಾನು ಶೇಂಗಾ ಹಿಂಡಿ, ಒಣ ಜೋಳದ ರೊಟ್ಟಿ ಕಟ್ಟಿಕೊಂಡು ಹೋಗಿದ್ದೆ, ಮನೆಯವರಿಗೆ ಹಿಂಡಿ ಬಹಳ ಹಿಡಿಸಿತು.

ಒಂದೇ ಮಾತು ಗಟ್ಟಿಯಾಗಿ ಹೇಳುವುದಾದರೆ ಇದು: ಕಾಜಾ, ಕೀ ಗೊಂಪಾ (ಬೌದ್ಧ ಮಠ), ಹಿಕ್ಕಿಂ, ಧನಕರ್ ಅಂತ ದಿನಕ್ಕೊಂದು ಊರು ಸುತ್ತಬೇಡಿ. ಒಂದೇ ಊರಲ್ಲಿ ವಾರ ಕೂತುಬಿಡಿ. ಮೊದಲೆರಡು ದಿನ ಬರೀ ಕಲ್ಲು ಕಾಣುತ್ತದೆ. ಆಮೇಲೆ ಕಲ್ಲಿನೊಳಗೆ ಇರುವುದು ಕಾಣಲು ಶುರುವಾಗುತ್ತದೆ.

ಡಾಕ್ಟರಮ್ಮ (ಕಲಬುರಗಿ):

ಅವ್ವನ ವಿಷಯ ಓದಿ ಬರೆಯುತ್ತಿದ್ದೇನೆ. ನಾನು ಇಲ್ಲೇ ಕಲಬುರಗಿಯಲ್ಲಿ ಫಿಸಿಶಿಯನ್. ಹಿಮಾಲಯದಲ್ಲಿ ನಡೆದು ಅಭ್ಯಾಸವೂ ಇದೆ.

ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್. ಕಿಬ್ಬರ್ 4,200 ಮೀಟರಿಗೂ ಮೇಲೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಸುಮಾರು 60 ಪರ್ಸೆಂಟ್ ಮಾತ್ರ. ನಡೆಯುವುದರಲ್ಲಿ ಗಟ್ಟಿ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ದಿನಾ ಓಡುವ ಇಪ್ಪತ್ತೈದರ ಹುಡುಗನಿಗೂ ಎತ್ತರದ ಕಾಯಿಲೆ ಬರುತ್ತದೆ, ಅವನ ಪಕ್ಕದಲ್ಲಿರುವ ಐವತ್ತರವರಿಗೆ ಏನೂ ಆಗದಿರಬಹುದು. ಯಾರಿಗೆ ಬರುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ. ಕೈಯಲ್ಲಿರುವುದು ಒಂದೇ, ನಿಧಾನಕ್ಕೆ ಏರುವುದು.

3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು. ಪ್ರತಿ 1,000 ಮೀಟರಿಗೆ ಒಂದು ದಿನ ವಿಶ್ರಾಂತಿ. ಬೀದರಿನ ಅಣ್ಣ ಹೇಳಿದ ಕಿನ್ನೌರ್ ದಾರಿ ಇದಕ್ಕೆ ಒಳ್ಳೆಯದು. ರೆಕಾಂಗ್ ಪಿಯೋ ಸುಮಾರು 2,300 ಮೀಟರ್, ತಾಬೊ 3,300ರ ಆಸುಪಾಸು, ಕಾಜಾ 3,600ಕ್ಕೂ ಮೇಲೆ. ಈ ಪ್ರತಿ ಊರಲ್ಲೂ ನಿಂತು ಹೋಗಿ, ಪಿಯೋ ಮತ್ತು ತಾಬೊದಲ್ಲಿ ಎರಡೆರಡು ರಾತ್ರಿ ಆದರೆ ಇನ್ನೂ ಒಳ್ಳೆಯದು. ಕಾಜಾದಿಂದ ಕಿಬ್ಬರ್‌ಗೆ ಏರಿಕೆ 500 ಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಆಗುತ್ತದೆ, ಅದಕ್ಕೇ ಕಾಜಾದಲ್ಲೂ ಎರಡು ರಾತ್ರಿ ಕಳೆದು ಆಮೇಲೆ ಏರಿ. ಬೇಸಿಗೆಯಲ್ಲಿ ಮನಾಲಿಯಿಂದ ಒಂದೇ ದಿನದಲ್ಲಿ ಕಾಜಾಕ್ಕೆ ಓಡುತ್ತಾರಲ್ಲ, ಅದು ನನಗೆ ಸರಿ ಕಾಣುವುದಿಲ್ಲ.

ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಶುರುವಿನ ಲಕ್ಷಣ. ಹೀಗಾದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಸುಮ್ಮನೆ ಕೂತಾಗಲೂ ಉಸಿರು ಕಟ್ಟುವುದು, ಬಿಡದ ಕೆಮ್ಮು, ನಡೆದರೆ ತೂರಾಡುವುದು, ಮಾತು ತಪ್ಪುವುದು ಕಂಡರೆ ರಾತ್ರಿಯಾದರೂ ಸರಿ, ಬೆಳಗಾಗಲಿ ಅನ್ನದೆ ಕೆಳಗೆ ಇಳಿಸಿ. ಇದರಲ್ಲಿ ಮುಲಾಜು ಬೇಡ. ಕಾಜಾದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಎತ್ತರದ ಕಾಯಿಲೆ ಬಾರದಿರಲಿ ಅಂತ ಅಸೆಟಜೋಲಮೈಡ್ ಮಾತ್ರೆ ಎಲ್ಲರೂ ಕೇಳುತ್ತಾರೆ. ಸಹಾಯ ಮಾಡುತ್ತದೆ, ಆದರೆ ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ ಇದ್ದವರು ಇದ್ದಾರೆ, ಹಾಗಾಗಿ ನಿಮ್ಮ ಡಾಕ್ಟರನ್ನು ಕೇಳದೆ ಅಂಗಡಿಯಿಂದ ತಂದು ನುಂಗಬೇಡಿ. ನಿದ್ದೆ ಮಾತ್ರೆ, ಮದ್ಯ ಎರಡೂ ಬೇಡ.

ಇನ್ನು ಅವ್ವ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟುಹೋಯಿತು, ಕರಗಿಸಿ ಹಾಕುವಂತಿಲ್ಲ. ಮೈನಸ್ 20ರಲ್ಲಿ ಅದನ್ನು ಹಗಲು ರಾತ್ರಿ ಮೈಗೆ ಅಂಟಿಸಿಕೊಂಡೇ ಇರಬೇಕು. ಶುಗರ್ ನೋಡುವ ಮಿಷಿನ್ ಚಳಿಯಲ್ಲಿ ತಪ್ಪು ತೋರಿಸುತ್ತದೆ, ಇಲ್ಲವೇ ಆನ್ ಆಗುವುದೇ ಇಲ್ಲ. ಶುಗರ್ ಇರುವವರಿಗೆ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿದ್ದರೆ ಹಿಮದಲ್ಲಿ ಬೆರಳು ಮರಗಟ್ಟಿದ್ದು ಗೊತ್ತಾಗುವುದೇ ಇಲ್ಲ, ಅದೇ ನನಗೆ ದೊಡ್ಡ ಭಯ. ಚಳಿಗಾಲದಲ್ಲಿ ಅವರನ್ನು ಕರೆದೊಯ್ಯಬೇಡಿ ಅಂತಲೇ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರಿನೊಳಗೆ, ಇಸಿಜಿ, ಕಣ್ಣು, ಕಿಡ್ನಿ ಎಲ್ಲ ತೋರಿಸಿಕೊಂಡು ಅವರ ಡಾಕ್ಟರ್ ಹೂಂ ಅಂದರೆ, ತಾಬೊ, ಕಾಜಾವರೆಗೆ ನಿಧಾನಕ್ಕೆ ಹೋಗಬಹುದು.

ಮತ್ತೆ ಎಲ್ಲರಿಗೂ: ಕೋಣೆಯಲ್ಲಿ ಕೆಂಡ, ಒಲೆ ಉರಿಸಿಟ್ಟು ಕಿಟಕಿ ಬಾಗಿಲು ಮುಚ್ಚಿ ಮಲಗಬೇಡಿ. ಹೊಗೆ ಕಾಣದಿದ್ದರೂ ವಿಷಗಾಳಿ ತುಂಬುತ್ತದೆ.

ಚಿಂಚೋಳಿಕಾಡು (ಕಲಬುರಗಿ):

ಡಾಕ್ಟರಮ್ಮ, ಬಹಳ ಉಪಕಾರ. ಅವ್ವನಿಗೆ ಓದಿ ಹೇಳಿದೆ. ಪಾದದ ಮಾತಿಗೆ ಸುಮ್ಮನಾದಳು, "ಹಂಗಾದ್ರ ಬ್ಯಾಸಗ್ಯಾಗ ಹೋಗೂಣು" ಅಂದಳು.

ಬೀದರಿನ ಅಣ್ಣ, ನೀವು ಬರೆದ ಬಾಲದ ವಿಷಯ ಓದಿ ನನಗೆ ಇನ್ನೂ ಆಸೆ ಹೆಚ್ಚಾಯಿತು. ಹಾಗಾದರೆ ಬೇಸಿಗೆಯಲ್ಲಿ ಅವ್ವನ ಜೊತೆ ಹೋದರೆ ನೋಡಲು ಏನಿದೆ? ಚಿರತೆ ಇಲ್ಲದ ಸ್ಪಿತಿ ಅಂದರೆ ಬರೀ ಗೊಂಪಾ, ಬೈಕಿನವರು, ರೀಲ್ಸ್ ಅಷ್ಟೇನಾ?

ಶಹಾಬಾದ್‌ಫರ್ಸಿ (ವಾಡಿ):

ಚಿರತೆ ಇಲ್ಲದ ಸ್ಪಿತಿ ಅಂತ ಕೇಳಿದ್ದು ನೋಡಿ ಬರೆಯಲೇಬೇಕು ಅನ್ನಿಸಿತು. ನೆಲ ಇದೆಯಲ್ಲ! ನಾನು ಕಲ್ಲಿನ ಹುಚ್ಚು ಇರುವವನು, ಗಣಿಯ ಕೆಲಸದಲ್ಲೇ ಬದುಕಿದವನು. ಭೂಮಿಯ ಹೊಟ್ಟೆ ಬಗೆದು ತೋರಿಸಿದಂತಿರುವ ಜಾಗವನ್ನು ನಾನು ಬೇರೆಲ್ಲೂ ನೋಡಿಲ್ಲ. ಗಿಡಮರ ಇಲ್ಲ, ಮಣ್ಣಿನ ಹೊದಿಕೆ ಇಲ್ಲ, ಪದರ ಪದರವಾಗಿ ಮಡಚಿದ ಬೆಟ್ಟ ಬೆತ್ತಲೆ ನಿಂತಿದೆ. ಮಳೆಗಾಲದ ಮೋಡ ದಕ್ಷಿಣದ ಎತ್ತರದ ಸಾಲುಗಳನ್ನು ದಾಟಿ ಈ ಕಡೆ ಬರುವುದು ಅಪರೂಪ, ಅದಕ್ಕೇ ಅದು ತಣ್ಣನೆ ಮರುಭೂಮಿ.

ಕಾಜಾದ ಮೇಲೆ ಲಾಂಗ್ಜಾ ಅನ್ನೋ ಊರಿದೆ. ಅದರ ಸುತ್ತ ಕಪ್ಪು ಜೇಡಿಕಲ್ಲಿನ ಉಂಡೆಗಳು ಸಿಗುತ್ತವೆ. ಒಡೆದಿದ್ದರೆ ಒಳಗೆ ಸುರುಳಿ ಸುರುಳಿಯಾಗಿ ಅಮೋನೈಟ್, ಸಮುದ್ರದಲ್ಲಿ ಬದುಕಿದ್ದ ಜೀವಿ. ಜುರಾಸಿಕ್ ಕಾಲದ್ದು. ಭಾರತದ ನೆಲಕ್ಕೂ ಏಷ್ಯಾಕ್ಕೂ ನಡುವೆ ಆಗ ಟೆಥಿಸ್ ಸಮುದ್ರ ಇತ್ತು. ಸುಮಾರು 5 ಕೋಟಿ ವರ್ಷದ ಹಿಂದೆ ಎರಡೂ ನೆಲ ಡಿಕ್ಕಿ ಹೊಡೆದವು, ಸಮುದ್ರದ ತಳ ಮಡಚಿಕೊಂಡು ಮೇಲೆದ್ದಿತು. ಆ ತಳದ ಕೆಸರೇ ಈಗ 4,400 ಮೀಟರ್ ಎತ್ತರದಲ್ಲಿ ನಿಮ್ಮ ಬೂಟಿನ ಕೆಳಗಿದೆ.

ನಮ್ಮ ಮನೆಯಲ್ಲಿ ಹಾಸಿದ ಶಹಾಬಾದ್ ಕಲ್ಲು ಕೂಡ ಸಮುದ್ರದ ತಳವೇ. ಅದು ಲಾಂಗ್ಜಾದ ಕಲ್ಲಿಗಿಂತಲೂ ಬಹಳ ಹಳೆಯದು, ಚಿಪ್ಪಿನ ಪ್ರಾಣಿಗಳು ಹುಟ್ಟುವ ಮುಂಚಿನದು, ಅದಕ್ಕೇ ನಮ್ಮ ಫರ್ಸಿಯಲ್ಲಿ ಶಂಖ, ಚಿಪ್ಪು ಸಿಗುವುದಿಲ್ಲ. ವ್ಯತ್ಯಾಸ ಏನೆಂದರೆ ನಮ್ಮದನ್ನು ಯಾರೂ ದೂಡಲಿಲ್ಲ, ಹೆಚ್ಚುಕಡಿಮೆ ಹಾಸಿದ ಹಾಗೇ ಉಳಿದಿದೆ. ವಾಡಿ, ಶಹಾಬಾದ್ ಗಣಿಯಲ್ಲಿ ಮಟ್ಟಸವಾಗಿರುವ ಪದರವನ್ನು ಒಮ್ಮೆ ನೋಡಿ, ಆಮೇಲೆ ಸ್ಪಿತಿಯಲ್ಲಿ ನೆಟ್ಟಗೆ ನಿಂತ ಪದರ ನೋಡಿ. ಹಿಮಾಲಯ ಅಂದರೆ ಏನಾಯಿತು ಅನ್ನೋದು ತಾನಾಗೇ ತಿಳಿಯುತ್ತದೆ.

ಊರಿನ ಮಕ್ಕಳು ಅಮೋನೈಟ್ ಮಾರಲು ಬರುತ್ತಾರೆ. ದಯವಿಟ್ಟು ಕೊಳ್ಳಬೇಡಿ. ನೋಡಿ, ಫೋಟೋ ತೆಗೆದು, ಇದ್ದಲ್ಲೇ ಬಿಡಿ. ಹೋದವರೆಲ್ಲ ಒಂದೊಂದು ಜೇಬಿಗೆ ಹಾಕಿಕೊಂಡರೆ ಏನು ಉಳಿಯುತ್ತದೆ?

ಬೇಸಿಗೆಯ ಇನ್ನೊಂದು ಚಂದ ಹೊಲಗಳು. ಮೇಲಿನ ಹಿಮದ ನೀರನ್ನು ಸಣ್ಣ ಕಾಲುವೆಯಲ್ಲಿ ಬಹಳ ದೂರದಿಂದ ತಂದು ಬಾರ್ಲಿ, ಬಟಾಣಿ ಬೆಳೆಯುತ್ತಾರೆ. ವರ್ಷಕ್ಕೆ ಒಂದೇ ಬೆಳೆ. ಅಷ್ಟು ದೊಡ್ಡ ಬೂದಿ ಬೆಟ್ಟದ ನಡುವೆ ಒಂದು ಹಸಿರು ಪಟ್ಟಿ. ಅವ್ವನಿಗೆ ಹೊಲದ ಬದುಕು ಗೊತ್ತಿದ್ದರೆ ಅವರೇ ನಿಮಗಿಂತ ಜಾಸ್ತಿ ಹೊತ್ತು ಅಲ್ಲಿ ನಿಲ್ಲುತ್ತಾರೆ ನೋಡಿ.

ಬೋನಾಳಹಕ್ಕಿ (ಸುರಪುರ):

ಹಕ್ಕಿಗಳ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ಹಾಗಾಗಿ ನಾನು ಬಂದೆ.

ಸ್ಪಿತಿಯಲ್ಲಿ ಗಡ್ಡದ ರಣಹದ್ದು ಸಿಗುತ್ತದೆ, ಮೂಳೆ ತಿನ್ನುವ ಹಕ್ಕಿ. ದೊಡ್ಡ ಮೂಳೆಯನ್ನು ಎತ್ತರಕ್ಕೆ ಒಯ್ದು ಬಂಡೆಯ ಮೇಲೆ ಬೀಳಿಸಿ ಒಡೆದು ನುಂಗುತ್ತದೆ. ಕಿಬ್ಬರ್‌ನಿಂದ ಚಿಚಮ್‌ಗೆ ಹೋಗುವಾಗ ಆಳದ ಕಮರಿಯ ಮೇಲೆ ಸೇತುವೆ ಇದೆ, 2017ರಲ್ಲಿ ಆದದ್ದು. ಅದಕ್ಕೂ ಮುಂಚೆ ಊರವರು ಹಗ್ಗದ ಮೇಲಿನ ತೊಟ್ಟಿಲಲ್ಲಿ ಕೂತು ಕೈಯಿಂದ ಎಳೆದುಕೊಂಡು ದಾಟುತ್ತಿದ್ದರು. ಆ ಸೇತುವೆಯ ಮೇಲೆ ನಿಂತರೆ ರಣಹದ್ದು ನಿಮ್ಮ ಕಾಲಿನ ಕೆಳಗೆ ಹಾರುತ್ತದೆ, ಅದರ ಬೆನ್ನು ನೋಡಬಹುದು. ನಾವು ಯಾವಾಗಲೂ ಹದ್ದಿನ ಹೊಟ್ಟೆಯನ್ನೇ ನೋಡುವವರು, ಅಲ್ವಾ? ಇನ್ನು ಗೋಲ್ಡನ್ ಈಗಲ್, ಹಿಮಕೋಳಿ, ಚುಕಾರ್, ಬೆಟ್ಟದ ಪಾರಿವಾಳ, ಹಳದಿ ಕೊಕ್ಕಿನ ಚಫ್ ಎಲ್ಲ ಇವೆ.

ಆದರೆ ನನ್ನ ಮನಸ್ಸಿಗೆ ಹತ್ತಿರದ್ದು ಪಟ್ಟೆತಲೆ ಹೆಬ್ಬಾತು. ನಮ್ಮ ಬೋನಾಳ ಕೆರೆಗೆ, ಗದಗದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುತ್ತದಲ್ಲ, ಬಿಳಿ ತಲೆಯ ಮೇಲೆ ಎರಡು ಕರಿ ಪಟ್ಟೆ. ಹಗಲಿಡೀ ಕೆರೆಯಲ್ಲಿ ಕೂತಿದ್ದು ಕತ್ತಲಾದ ಮೇಲೆ ಕಡಲೆ, ಶೇಂಗಾ ಹೊಲಕ್ಕೆ ಇಳಿಯುತ್ತವೆ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಹಿಮಾಲಯ ದಾಟುವಾಗ ಇವು 7,000 ಮೀಟರ್ ದಾಟಿ ಹಾರಿದ್ದನ್ನು ಟ್ರಾನ್ಸ್‌ಮಿಟರ್ ಕಟ್ಟಿ ಅಳೆದಿದ್ದಾರೆ. ಅವುಗಳ ರಕ್ತಕ್ಕೆ ಆಮ್ಲಜನಕ ಹಿಡಿಯುವ ಶಕ್ತಿ ಬೇರೆ ಹೆಬ್ಬಾತುಗಳಿಗಿಂತ ಜಾಸ್ತಿ. ಡಾಕ್ಟರಮ್ಮ ಹೇಳಿದ ಕಷ್ಟವೆಲ್ಲ ಈ ಹಕ್ಕಿಗೆ ಇಲ್ಲ ನೋಡಿ!

ಅವು ಗೂಡು ಕಟ್ಟುವುದನ್ನು ನೋಡಬೇಕೆಂದರೆ ಸ್ಪಿತಿಗಿಂತ ಲಡಾಖ್ ಸರಿ. ಚಾಂಗ್‌ತಾಂಗ್ ಸೀಮೆಯ ತ್ಸೊ ಮೊರಿರಿ, ತ್ಸೊ ಕಾರ್, ಎರಡೂ 4,500 ಮೀಟರ್ ಎತ್ತರದ ಸರೋವರ. ಜೂನ್, ಜುಲೈನಲ್ಲಿ ಹೆಬ್ಬಾತುಗಳು ಮರಿ ಕಟ್ಟಿಕೊಂಡು ನೀರಲ್ಲಿ ಸಾಲಾಗಿ ಹೋಗುತ್ತಿರುತ್ತವೆ. ಅಲ್ಲೇ ಕಪ್ಪು ಕತ್ತಿನ ಕ್ರೌಂಚ, ದಡದಲ್ಲಿ ಕಿಯಾಂಗ್ ಅನ್ನೋ ಕಾಡುಕತ್ತೆಯ ಹಿಂಡು, ಬಿಲದ ಬಾಯಲ್ಲಿ ನಿಂತು ಸಿಳ್ಳೆ ಹಾಕುವ, ದಪ್ಪ ಅಳಿಲಿನಂಥ ಮಾರ್ಮಟ್. ಆದರೆ ಎತ್ತರ ಸ್ಪಿತಿಗಿಂತ ಜಾಸ್ತಿ, ಅವ್ವನ ಜೊತೆ ಬೇಡ.

ನೀವು ಈ ಡಿಸೆಂಬರಿನಲ್ಲಿ ಸುರಪುರಕ್ಕೆ ಬನ್ನಿ, ಬೋನಾಳದಲ್ಲಿ ಹೆಬ್ಬಾತು ತೋರಿಸುತ್ತೇನೆ. ಹೋಗುವ ಮುಂಚೆ ದೂರದ ಪ್ರಾಣಿಯನ್ನು ತಾಸುಗಟ್ಟಲೆ ಕೂತು ನೋಡುವ ಅಭ್ಯಾಸವಾಗಬೇಕು. ಬೈನಾಕ್ಯುಲರ್‌ಗೆ ಕಣ್ಣು ಒಗ್ಗಲು ಕೆರೆಯ ದಂಡೆಗಿಂತ ಒಳ್ಳೆ ಜಾಗ ಇಲ್ಲ.

ಬೀದರ್‌ಕೋಟೆ (ಬೀದರ್):

ಒಂದು ವಿಷಯ ಮೊದಲ ಉತ್ತರದಲ್ಲಿ ಬರೆಯಲು ಆಗಿರಲಿಲ್ಲ. ಇದು ನನಗೆ ಮುಖ್ಯ.

ಕಿಬ್ಬರ್‌ನಲ್ಲಿ ಚಿರತೆ ಕಾಣುತ್ತದೆ ಅಂದರೆ ಅದಕ್ಕೆ ಊರವರು ಕಾರಣ. ಅವರ ಯಾಕ್, ಕತ್ತೆ, ಕುರಿಯನ್ನು ಚಿರತೆ, ತೋಳ ಹಿಡಿಯುತ್ತವೆ. ಚಿರತೆ ಹಟ್ಟಿಯೊಳಗೆ ಇಳಿಯಿತು ಅಂದರೆ ಒಂದೇ ರಾತ್ರಿಯಲ್ಲಿ ಹತ್ತಾರು ಕುರಿ ಹೋಗುತ್ತವೆ. ನಮ್ಮ ಕಡೆ ಕುರಿಗಾಹಿಗಳಿಗೆ ತೋಳದ ಮೇಲೆ ಇರುವ ಸಿಟ್ಟು ನಿಮಗೆ ಗೊತ್ತೇ ಇದೆ, ಅಲ್ಲಿಯೂ ಅದೇ ಇತ್ತು. ಇದನ್ನು ಬದಲಿಸಿದ್ದರಲ್ಲಿ ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಪಾಲು ದೊಡ್ಡದು. 1996ರಲ್ಲಿ ಶುರುವಾದ ಸಂಸ್ಥೆ. ಅಲ್ಲಿಯ ವಿಜ್ಞಾನಿ ಚಾರುದತ್ತ ಮಿಶ್ರಾ ಮತ್ತು ಜೊತೆಯವರು ಕಿಬ್ಬರ್‌ನವರ ಜೊತೆ ಕೂತು ಮಾತಾಡಿ ಎರಡು ಕೆಲಸ ಮಾಡಿದರು. ಊರ ಹುಲ್ಲುಗಾವಲಿನ ಒಂದು ಭಾಗದಲ್ಲಿ ದನಕರು ಮೇಯಿಸದೆ ಭರಲ್‌ಗೆ ಬಿಡುವುದು, ಅದಕ್ಕೆ ಊರಿಗೆ ದುಡ್ಡು. ಇನ್ನೊಂದು ಜಾನುವಾರು ವಿಮೆ. ಮನೆಯವರು ತಮ್ಮ ದನಕ್ಕೆ ಸ್ವಲ್ಪ ಕಂತು ಕಟ್ಟುತ್ತಾರೆ, ಚಿರತೆ ಹಿಡಿದರೆ ಪರಿಹಾರ ಸಿಗುತ್ತದೆ, ಲೆಕ್ಕ ನೋಡುವವರು ಊರವರೇ. ಹಟ್ಟಿಗಳಿಗೆ ಮೇಲೆ ಜಾಲರಿ, ಗಟ್ಟಿ ಬಾಗಿಲು ಕೂಡ ಹಾಕಿದ್ದಾರೆ. ಭರಲ್ ಹೆಚ್ಚಾದವು. ಈಗ ಚಳಿಗಾಲದಲ್ಲಿ ಚಿರತೆ ನೋಡಲು ಬರುವವರಿಂದ ಊರಿಗೆ ದುಡಿಮೆಯೂ ಇದೆ.

2024ರ ಜನವರಿಯಲ್ಲಿ ಬಂದ ದೇಶದ ಮೊದಲ ಗಣತಿಯಲ್ಲಿ ಇಡೀ ಭಾರತಕ್ಕೆ ಹಿಮ ಚಿರತೆ 718 ಅಂತ ಅಂದಾಜು ಮಾಡಿದ್ದಾರೆ. ಅದರಲ್ಲಿ 477 ಲಡಾಖಿನಲ್ಲಿ, ಹಿಮಾಚಲದಲ್ಲಿ 51. ಇಷ್ಟು ಕಡಿಮೆ ಇರುವ ಪ್ರಾಣಿಯ ಹಿಂದೆ ಹತ್ತು ಗಾಡಿ, ಐವತ್ತು ಜನ ಓಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಚಿರತೆ ಬೇಟೆಯ ಹತ್ತಿರ ಇದ್ದಾಗ ಒಳ್ಳೆ ಫೋಟೋ ಬೇಕು ಅಂತ ಇಳಿದು ಹತ್ತಿರ ಹೋಗುವವರು ಇದ್ದಾರೆ. ಅದು ಬೇಟೆ ಬಿಟ್ಟು ಓಡುತ್ತದೆ. ಆ ಚಳಿಯಲ್ಲಿ ಇನ್ನೊಂದು ಬೇಟೆ ಸಿಗಲು ವಾರವೇ ಆಗಬಹುದು. ಹುಡುಗರು "ಇಲ್ಲಿಂದ ಮುಂದೆ ಬೇಡ" ಅಂದರೆ ಬೇಡ. ಡ್ರೋನ್ ಅಂತೂ ಬೇಡವೇ ಬೇಡ.

ಇನ್ನೊಂದು ನಾಯಿಗಳು. ಬೇಸಿಗೆಯಲ್ಲಿ ಪ್ರವಾಸಿಗಳ ಊಟ ತಿಂದು ಬೆಳೆದ ಬೀದಿನಾಯಿಗಳು ಚಳಿಗಾಲದಲ್ಲಿ ಹಸಿದು ಗುಂಪು ಕಟ್ಟಿಕೊಂಡು ಕುರಿ, ನರಿ, ಭರಲ್ ಮರಿ ಹಿಡಿಯುತ್ತವೆ, ಚಿರತೆಯ ಬೇಟೆಯನ್ನೂ ಕಸಿಯುತ್ತವೆ. ಕಾಜಾದಲ್ಲಿ ಬಿಸ್ಕೀಟು ಹಾಕುವುದು ನೋಡಲು ಮಮತೆ ಅನ್ನಿಸುತ್ತದೆ, ಅದರ ಬೆಲೆ ಕಟ್ಟುವುದು ಮೇಲಿನ ಬೆಟ್ಟ. ನೀವು ಹಾಕಬೇಡಿ, ಜೊತೆಗಿದ್ದವರಿಗೂ ಹೇಳಿ.

ಚಿಂಚೋಳಿಕಾಡು (ಕಲಬುರಗಿ):

ಎಲ್ಲರ ಉತ್ತರ ಅವ್ವನ ಜೊತೆ ಕೂತು ಎರಡೆರಡು ಸಲ ಓದಿದೆ. ಹೀಗೆ ಅಂದುಕೊಂಡಿದ್ದೇನೆ. ಅವ್ವನ ಡಾಕ್ಟರ್ ಒಪ್ಪಿದರೆ ಸೆಪ್ಟೆಂಬರಿನಲ್ಲಿ ಇಬ್ಬರೂ ಕಿನ್ನೌರ್ ದಾರಿಯಿಂದ ತಾಬೊ, ಕಾಜಾ. ಅವ್ವನಿಗೆ ತಾಬೊ ಗೊಂಪಾ ನೋಡುವ ಆಸೆ, 996ರಲ್ಲಿ ಕಟ್ಟಿದ್ದು ಅಂತ ಓದಿ ತೋರಿಸಿದೆ, ಅಂದರೆ ಬಸವಣ್ಣನವರಿಗಿಂತ ಮುಂಚಿನದು ಅಂದಳು. ಲಾಂಗ್ಜಾಕ್ಕೆ ಹಗಲು ಹೋಗಿ ಹಗಲೇ ಇಳಿಯುತ್ತೇವೆ, ರಾತ್ರಿ ಮಲಗುವುದು ಕಾಜಾದಲ್ಲೇ. ಕಿಬ್ಬರ್‌ಗೆ ಚಳಿಗಾಲದಲ್ಲಿ ನಾನೊಬ್ಬಳೇ, ಅದು ಬರುವ ವರ್ಷ, ಒಂದೇ ಊರು, ಒಂದೇ ಮನೆ. ಅದಕ್ಕೂ ಮುಂಚೆ ಡಿಸೆಂಬರಿನಲ್ಲಿ ಬೋನಾಳಕ್ಕೆ ಬಂದೇ ಬರುತ್ತೇನೆ.

ಎರಡು ಸಣ್ಣ ಪ್ರಶ್ನೆ ಉಳಿದಿವೆ. ಪರ್ಮಿಟ್ ಬೇಕಾ? ಅಲ್ಲಿ ಫೋನ್ ಸಿಗುತ್ತದಾ?

ಬೀದರ್‌ಕೋಟೆ (ಬೀದರ್):

ಒಳ್ಳೆ ಯೋಚನೆ ಅಕ್ಕ. ಪರ್ಮಿಟ್ ನಮಗೆ ಬೇಡ, ಆ ದಾರಿಯಲ್ಲಿ ವಿದೇಶದವರಿಗೆ ಮಾತ್ರ. ಆಧಾರ್ ಇಟ್ಟುಕೊಳ್ಳಿ, ಚೆಕ್‌ಪೋಸ್ಟಿನಲ್ಲಿ ಕೇಳುತ್ತಾರೆ. ಕಾಜಾದಲ್ಲಿ ಬಿಎಸ್ಎನ್ಎಲ್, ಜಿಯೋ ಸಿಗುತ್ತವೆ, ಮೇಲಿನ ಊರುಗಳಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮನೆಯವರಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಗಾಬರಿಯಾಗುತ್ತಾರೆ. ನಗದು ಕೈಯಲ್ಲಿರಲಿ, ಎಟಿಎಂ ನಂಬಿ ಹೋಗಬೇಡಿ.

ರೈಲಿನ ಬುಕಿಂಗ್ ಈಗ 60 ದಿನ ಮುಂಚೆ ಮಾತ್ರ ತೆರೆಯುತ್ತದೆ, ಹಿಂದಿನ ಹಾಗೆ 120 ಅಲ್ಲ. ಸೆಪ್ಟೆಂಬರ್ ಮೊದಲ ವಾರಕ್ಕೆ ಹೊರಡುವುದಾದರೆ ಜುಲೈ ಶುರುವಿನಲ್ಲೇ ಕೂತುಬಿಡಿ. ಅವ್ವನಿಗೆ ಕೆಳಗಿನ ಬರ್ತ್ ಕೇಳಿ. ತಾಬೊದಲ್ಲಿ ನಾನು ಉಳಿದ ಮನೆಯವರ ನಂಬರ್ ಇಲ್ಲಿ ಹಾಕುವುದು ಬೇಡ, ಮೆಸೇಜ್ ಮಾಡಿ, ಅವರನ್ನು ಕೇಳಿ ಕೊಡುತ್ತೇನೆ.